ಮಗ ಆಸ್ಟ್ರೇಲಿಯಾದಲ್ಲಿ ದ್ರಾಕ್ಷಿ ತೋಟ ಕೊಳ್ಳೋಣ ಎನ್ನುತ್ತಾನೆ: ಕೊಳ್ಳಬೇಕೇ?

ಪ್ರಶ್ನೆ: ನಾವು ಮೈಸೂರಿನವರು. ಹಲವು ವರ್ಷಗಳಿಂದ ಇಟಲಿ ಮತ್ತು ಆಸ್ಟ್ರೇಲಿಯಾದಿಂದ ವೈನ್ ತರಿಸಿ ಮೈಸೂರು, ಬೆಂಗಳೂರು, ಕೊಡಗಿನ ಹೋಟೆಲು ಮತ್ತು ಅಂಗಡಿಗಳಿಗೆ ಒದಗಿಸುತ್ತಿದ್ದೇವೆ. ಎಲ್ಲ ಲೇಬಲ್ ಸೇರಿ ವರ್ಷಕ್ಕೆ ಸುಮಾರು 9,000 ಬಾಟಲಿ ಮಾರಾಟವಾಗುತ್ತದೆ. ಮಗ ಅಡಿಲೇಡ್‌ನಲ್ಲಿ ದ್ರಾಕ್ಷಿ ಕೃಷಿ ಮತ್ತು ವೈನ್ ತಯಾರಿಕೆ ಓದಿ ಅಲ್ಲೇ ಕೆಲಸದಲ್ಲಿದ್ದಾನೆ. ಹತ್ತಿರದ ಮೆಕ್ಲಾರೆನ್ ವೇಲ್‌ನಲ್ಲಿ ಶಿರಾಜ್ ಎಂಬ ಕೆಂಪು ವೈನಿನ ದ್ರಾಕ್ಷಿಯ 8 ಹೆಕ್ಟೇರಿನ ಹಳೆಯ ತೋಟ ಮಾರಾಟಕ್ಕಿದೆ, ಬೆಲೆಯೂ ಇಳಿದಿದೆ, ಕೊಂಡುಬಿಡೋಣ ಎನ್ನುತ್ತಾನೆ. ಮದ್ದೂರಿನ ಬಳಿ ನಮಗೆ ನಾಲೆ ನೀರಿನ 6 ಎಕರೆ ಕಬ್ಬಿನ ಗದ್ದೆ ಇದೆ. ಅದನ್ನು ಮಾರಿ ಅಥವಾ ಅಡವಿಟ್ಟು ಹಣ ಹೊಂದಿಸಬಹುದೇ? ನಮ್ಮ ತೋಟದ ವೈನನ್ನು ನಾವೇ ಆಮದು ಮಾಡಿಕೊಂಡರೆ ಲಾಭ ಹೆಚ್ಚಲ್ಲವೇ? ಅಲ್ಲಿಯ ಬಳ್ಳಿಯ ಕಡ್ಡಿ ತಂದು ಮದ್ದೂರಿನಲ್ಲೂ ನೆಡಬಹುದೇ?

ಉತ್ತರ: ಆ ತೋಟವನ್ನು ಈಗ ಕೊಳ್ಳಬೇಡಿ. ಮದ್ದೂರಿನ ಗದ್ದೆಯನ್ನು ಮಾರಬೇಡಿ. ಹಾಗೆಂದು ಮಗನ ಮಾತನ್ನು ತಳ್ಳಿಹಾಕಲೂ ಬೇಡಿ. ಮೊದಲು ಅಲ್ಲಿ ಹಣ್ಣು ಕೊಳ್ಳಿ, ಬಾಡಿಗೆ ವೈನರಿಯಲ್ಲಿ ವೈನ್ ಮಾಡಿಸಿ, ಅದನ್ನು ನಿಮ್ಮದೇ ಹೆಸರಿನಲ್ಲಿ ಮಾರಿ ನೋಡಿ. ಆಮೇಲೆ ಈಗಾಗಲೇ ನಿಮಗೆ ವೈನ್ ಕೊಡುತ್ತಿರುವ ಬೆಳೆಗಾರರಲ್ಲಿ ಒಬ್ಬರ ಜೊತೆ ಪಾಲುದಾರರಾಗಿ. ಭೂಮಿ ಕೊನೆಯ ಹೆಜ್ಜೆ. ಕಾರಣಗಳನ್ನು ವಿಸ್ತಾರವಾಗಿಯೇ ಬರೆಯುತ್ತೇನೆ. ಏಕೆಂದರೆ ನೀವು ಕೇಳಿರುವುದರಲ್ಲಿ ಹಣದ ಪ್ರಶ್ನೆಯಷ್ಟೇ ಇಲ್ಲ, ಒಂದು ವ್ಯಾಪಾರಿ ಮನೆತನ ಬೇಸಾಯಗಾರ ಮನೆತನವಾಗಬೇಕೇ ಎಂಬ ಪ್ರಶ್ನೆಯೂ ಇದೆ.

ಮೊದಲು ಬಾಟಲಿಗಳನ್ನು ಎಣಿಸೋಣ. ಒಳ್ಳೆಯ ವೈನ್‌ಗಾಗಿ ಬೆಳೆಯುವ ಶಿರಾಜ್ ಹೆಕ್ಟೇರಿಗೆ 6 ಟನ್ ಬಂದರೆ ಸಾಧಾರಣ ಇಳುವರಿ. 8 ಹೆಕ್ಟೇರಿಗೆ 48 ಟನ್. ಟನ್ನಿಗೆ 700 ಲೀಟರ್ ವೈನ್ ಎಂದು ಹಿಡಿದರೆ 33,600 ಲೀಟರ್, ಅಂದರೆ 750 ಮಿಲಿಲೀಟರಿನ 44,800 ಬಾಟಲಿ. ನೀವು ಈಗ ಮಾರುವುದು ಎಲ್ಲ ಲೇಬಲ್ ಸೇರಿ 9,000. ನಾಳೆಯಿಂದ ಇಟಲಿಯ ವೈನನ್ನು ಪೂರ್ತಿ ನಿಲ್ಲಿಸಿ, ನಿಮ್ಮ ಗ್ರಾಹಕರೆಲ್ಲ ನಿಮ್ಮ ತೋಟದ ಶಿರಾಜ್ ಒಂದನ್ನೇ ಕುಡಿಯುತ್ತಾರೆ ಎಂದುಕೊಂಡರೂ ಒಂದು ವರ್ಷದ ಬೆಳೆ ಖಾಲಿಯಾಗಲು ಸುಮಾರು ಐದು ವರ್ಷ ಬೇಕು. ಅಷ್ಟರಲ್ಲಿ ಇನ್ನೂ ನಾಲ್ಕು ಬೆಳೆ ಬಂದು ಕೂತಿರುತ್ತವೆ. ಹಾಗಾಗಿ ನಮ್ಮ ವೈನನ್ನು ನಾವೇ ತರಿಸಿಕೊಳ್ಳುತ್ತೇವೆ ಎಂಬ ಮಾತು ಹತ್ತರಲ್ಲಿ ಎರಡು ಪಾಲಿಗೂ ಪೂರ್ತಿ ಅನ್ವಯಿಸುವುದಿಲ್ಲ. ಉಳಿದ ಎಂಟು ಪಾಲನ್ನು ಆಸ್ಟ್ರೇಲಿಯಾದಲ್ಲೋ ಲಂಡನ್ನಿನಲ್ಲೋ ಸಿಂಗಪುರದಲ್ಲೋ ಮಾರಬೇಕು, ಇಲ್ಲವೇ ಹಣ್ಣನ್ನೇ ದೊಡ್ಡ ವೈನರಿಗೆ ಕೊಡಬೇಕು. ಮೈಸೂರಿನಲ್ಲಿ ನಿಮ್ಮ ಮಾತಿಗೆ ಬೆಲೆ ಇದೆ. ಹೋಟೆಲಿನವರು ನಿಮ್ಮ ಫೋನ್ ಎತ್ತುತ್ತಾರೆ, ನೀವು ಹೇಳಿದ ಬಾಟಲಿಯನ್ನು ಪಟ್ಟಿಗೆ ಸೇರಿಸುತ್ತಾರೆ. ಅಲ್ಲಿ ನೀವು ಹೊಸಬರು, ಅದೂ ಮಾರುಕಟ್ಟೆ ತುಂಬಿ ತುಳುಕುತ್ತಿರುವ ಹೊತ್ತಿನಲ್ಲಿ.

ಬೆಲೆ ಇಳಿದಿರುವುದಕ್ಕೂ ಇದೇ ಕಾರಣ. ಆಸ್ಟ್ರೇಲಿಯಾದ ಕೆಂಪು ವೈನಿಗೆ ಚೀನಾ ಅತಿ ದೊಡ್ಡ ಗಿರಾಕಿಯಾಗಿತ್ತು. 2020ರ ನವೆಂಬರಿನಲ್ಲಿ ಚೀನಾ ತಾತ್ಕಾಲಿಕ ಸುಂಕ ಹೇರಿತು, 2021ರ ಮಾರ್ಚಿನಲ್ಲಿ ಅದನ್ನು ಗಟ್ಟಿ ಮಾಡಿತು. ದರ ಶೇ 116ರಿಂದ 218ರವರೆಗೆ. ಒಂದೇ ಏಟಿಗೆ ಆ ದಾರಿ ಮುಚ್ಚಿತು. 2024ರ ಮಾರ್ಚ್ ಕೊನೆಯಲ್ಲಿ ಸುಂಕ ತೆಗೆದರೂ ಹಳೆಯ ಬೇಡಿಕೆ ಮರಳಲಿಲ್ಲ. ಟ್ಯಾಂಕುಗಳಲ್ಲಿ ವೈನ್ ಉಳಿಯಿತು, ಒಳನಾಡಿನ ರಿವರ್‌ಲ್ಯಾಂಡ್ ಪ್ರದೇಶದಲ್ಲಿ ಬೆಳೆಗಾರರು ಬಳ್ಳಿಗಳನ್ನೇ ಕಿತ್ತುಹಾಕಿದರು. ಮೆಕ್ಲಾರೆನ್ ವೇಲ್ ಅದಕ್ಕಿಂತ ಮೇಲ್ದರ್ಜೆಯ ಪ್ರದೇಶ ಎಂಬುದು ನಿಜ, ಆದರೆ ಅಲ್ಲಿಯ ಶಿರಾಜ್ ಕೂಡ ಆ ಹೊಡೆತದಿಂದ ತಪ್ಪಿಸಿಕೊಳ್ಳಲಿಲ್ಲ. ಇಳಿದ ಬೆಲೆಗೆ ಭೂಮಿ ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಮಾರುತ್ತಿರುವವರು ಹಣ್ಣನ್ನು ಯಾರಿಗೆ ಕೊಡುತ್ತಿದ್ದರು, ಆ ವೈನರಿಯ ಕರಾರು ಇನ್ನೂ ಜೀವಂತವಾಗಿದೆಯೇ ಎಂದು ಕೇಳಿ. ಕರಾರು ಮುಗಿದುಹೋಗಿದ್ದರೆ ನೀವು ಕೊಳ್ಳುವುದು ತೋಟವನ್ನಷ್ಟೇ ಅಲ್ಲ, ಅವರ ಮಾರಾಟವಾಗದ ಹಣ್ಣಿನ ಚಿಂತೆಯನ್ನೂ ಕೊಳ್ಳುತ್ತೀರಿ.

ನಿಮ್ಮಂಥ ಮನೆತನಗಳು ಹಿಂದೆ ಏನು ಮಾಡಿವೆ ನೋಡಿ. ಐರ್ಲೆಂಡಿನ ಥಾಮಸ್ ಬಾರ್ಟನ್ 1725ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ವ್ಯಾಪಾರ ಆರಂಭಿಸಿದರು. ಆ ಕುಟುಂಬ ಶಾಟೋ ಲಾಂಗೋವಾ ಎಂಬ ದ್ರಾಕ್ಷಿ ತೋಟ ಕೊಂಡದ್ದು 1821ರಲ್ಲಿ, ಥಾಮಸ್ ಅವರ ಮೊಮ್ಮಗ ಹ್ಯೂ ಅವರ ಕಾಲದಲ್ಲಿ. ಐದು ವರ್ಷದ ನಂತರ ಲಿಯೋವಿಲ್ ಎಂಬ ಇನ್ನೊಂದು ತೋಟದ ಒಂದು ಭಾಗವೂ ಸೇರಿತು. ವ್ಯಾಪಾರಕ್ಕೂ ಆ ತೋಟಕ್ಕೂ ನಡುವೆ ಹೆಚ್ಚುಕಡಿಮೆ ಒಂದು ಶತಮಾನ. ಅಷ್ಟು ಕಾಯಿರಿ ಎಂದು ನಿಮಗೆ ಹೇಳುವುದಿಲ್ಲ. ಆದರೆ ಆ ತೋಟಗಳು ಇಂದಿಗೂ ಬಾರ್ಟನ್ ಕುಟುಂಬದಲ್ಲೇ ಇವೆ ಎಂಬುದನ್ನು ಗಮನಿಸಿ. ಪ್ರದೇಶವನ್ನು, ಬೆಳೆಗಾರರನ್ನು, ಒಳ್ಳೆಯ ವರ್ಷ ಕೆಟ್ಟ ವರ್ಷಗಳನ್ನು ಚೆನ್ನಾಗಿ ಅರಿತ ಮೇಲೆ ಕೊಂಡ ಭೂಮಿ ಅದು.

ನ್ಯೂಯಾರ್ಕಿನ ಮಾರಿಯಾನಿ ಕುಟುಂಬದ ಕಥೆ ನಿಮ್ಮ ಪರಿಸ್ಥಿತಿಗೆ ಇನ್ನೂ ಹತ್ತಿರ. ತಂದೆ ಜಾನ್ ಮಾರಿಯಾನಿ 1919ರಲ್ಲಿ ಬ್ಯಾನ್ಫಿ ಎಂಬ ಆಮದು ಸಂಸ್ಥೆ ಕಟ್ಟಿದರು. ಮಕ್ಕಳಾದ ಜಾನ್ ಮತ್ತು ಹ್ಯಾರಿ, ಇಟಲಿಯ ರಿಯುನೀತೆ ಸಹಕಾರ ಸಂಘದ ಲಂಬ್ರುಸ್ಕೊ ಎಂಬ ಸಿಹಿ, ನೊರೆಯ ವೈನನ್ನು ಅಮೆರಿಕದ ಮನೆಮನೆಗೆ ತಲುಪಿಸಿ ಅಪಾರ ಹಣ ಗಳಿಸಿದರು. ಆ ಹಣದಿಂದ 1978ರಲ್ಲಿ ಟಸ್ಕನಿಯ ಮೊಂಟಾಲ್ಚಿನೊದಲ್ಲಿ ಭೂಮಿ ಕೊಂಡರು. ಅಮೆರಿಕದಲ್ಲಿ ಸಿಹಿ ನೊರೆ ವೈನ್ ಓಡುತ್ತಿದೆಯಲ್ಲ ಎಂದು ಅಲ್ಲಿ ಮೊಸ್ಕಾದೆಲ್ಲೊ ಎಂಬ ಬಿಳಿ ದ್ರಾಕ್ಷಿಯನ್ನು ವಿಶಾಲವಾಗಿ ನೆಟ್ಟರು. ಬಳ್ಳಿ ಫಲಕ್ಕೆ ಬರುವ ಹೊತ್ತಿಗೆ ಜನರ ರುಚಿ ಹೊರಳಿತ್ತು. ಕೊನೆಗೆ ಆ ಬಳ್ಳಿಗಳ ಜಾಗದಲ್ಲಿ ಸಾಂಜೊವೇಸೆ ಮೊದಲಾದ ಕೆಂಪು ತಳಿಗಳು ಬರಬೇಕಾಯಿತು. ಅವರಿಗೆ ಎಝಿಯೊ ರಿವೆಲ್ಲಾ ಅವರಂಥ ಪಳಗಿದ ವೈನ್ ತಜ್ಞರಿದ್ದರು, ಬೊಕ್ಕಸವೂ ಆಳವಾಗಿತ್ತು. ಹಾಗಾಗಿ ತಡೆದುಕೊಂಡರು. ಸಾಂಜೊವೇಸೆಯ ಉತ್ತಮ ಬಳ್ಳಿಗಳ ಆಯ್ಕೆಯ ಮೇಲೆ ದೊಡ್ಡ ಸಂಶೋಧನೆಯನ್ನೂ ನಡೆಸಿದರು. ಆ ದ್ರಾಕ್ಷಿಯಿಂದ ಮೊಂಟಾಲ್ಚಿನೊದಲ್ಲಿ ಮಾಡುವ ಬ್ರುನೆಲ್ಲೊ ವೈನನ್ನು ಜಗತ್ತು ತಿಳಿಯುವಂತೆ ಮಾಡಿದವರಲ್ಲಿ ಅವರೂ ಸೇರಿದ್ದಾರೆ. ಆಮದುದಾರರಿಗೆ ಅಂಟಿಕೊಂಡಿರುವ ಅಪಾಯ ಈ ಕಥೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇವತ್ತು ಅಂಗಡಿಯಲ್ಲಿ ಏನು ಓಡುತ್ತಿದೆ ಎಂಬ ಲೆಕ್ಕದಲ್ಲಿ ಅವರು ಯೋಚಿಸುತ್ತಾರೆ, ಬಳ್ಳಿ ಮೂವತ್ತು ನಲವತ್ತು ವರ್ಷ ನೆಲದಲ್ಲಿ ನಿಂತಿರುತ್ತದೆ.

ನಮ್ಮವರ ಅನುಭವವೂ ಇದೆ. ಬೆಂಗಳೂರಿನ ಯುಬಿ ಸಮೂಹ 2006ರಲ್ಲಿ ಫ್ರಾನ್ಸಿನ ಲುವಾರ್ ಕಣಿವೆಯ ಬುವೆ-ಲಾದುಬೆ ಎಂಬ ಹಳೆಯ ಮನೆತನದ ವೈನರಿಯನ್ನು ಕೊಂಡಿತು. 2015ರಲ್ಲಿ ಅದು ಮತ್ತೆ ಅದನ್ನು ನಡೆಸಿಕೊಂಡು ಬಂದಿದ್ದ ಮೊಮ್ಮುಸೋ ಕುಟುಂಬದ ಕೈ ಸೇರಿತು. ಮಹಾರಾಷ್ಟ್ರದ ಇಂಡೇಜ್ ಕಂಪನಿ ಆಸ್ಟ್ರೇಲಿಯಾದಲ್ಲಿ ವೈನರಿ ಕೊಂಡಿತು, ಬ್ರಿಟನ್ನಿನಲ್ಲೂ ಕಾಲಿಟ್ಟಿತು. 2008ರ ಆರ್ಥಿಕ ಬಿಕ್ಕಟ್ಟು ಬಂದಾಗ ಸಾಲದ ಭಾರಕ್ಕೆ ಕುಸಿಯಿತು. ಎರಡೂ ಕಡೆ ವೈನ್ ಕೆಟ್ಟಿರಲಿಲ್ಲ, ಬಳ್ಳಿಯೂ ಸೋತಿರಲಿಲ್ಲ.

ಇದಕ್ಕೆ ಎದುರಾಗಿ ನನಗೆ ತುಂಬ ಮೆಚ್ಚುಗೆಯಾದ ಉದಾಹರಣೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಕರ್ಮಿಟ್ ಲಿಂಚ್. 1972ರಲ್ಲಿ ಸಣ್ಣ ಅಂಗಡಿಯಿಂದ ಶುರು ಮಾಡಿ, ಫ್ರಾನ್ಸಿನ ಹಳ್ಳಿಹಳ್ಳಿ ಸುತ್ತಿ ಬೆಳೆಗಾರರ ವೈನ್ ಆಮದು ಮಾಡಿದವರು. ಅವರು 1998ರಲ್ಲಿ ರೋನ್ ಕಣಿವೆಯ ಜಿಗೊಂದಾಸ್‌ನಲ್ಲಿ ದೊಮೇನ್ ಲೆ ಪಾಲಿಯೇರ್ ಎಂಬ ತೋಟವನ್ನು ಕೊಂಡರು, ಆದರೆ ಒಬ್ಬರೇ ಅಲ್ಲ. ತಾವು ವೈನ್ ತರಿಸಿಕೊಳ್ಳುತ್ತಿದ್ದ ಬ್ರುನಿಯೇ ಕುಟುಂಬದ ಜೊತೆ ಸೇರಿ ಕೊಂಡರು. ಬೇಸಾಯ ಬೆಳೆಗಾರರದು, ಮಾರಾಟದ ಬಲ ಆಮದುದಾರರದು. ನೀವು ಹಿಡಿಯಬೇಕಾದ ದಾರಿ ಇದು ಎಂದು ನಾನು ನಂಬುತ್ತೇನೆ.

ಈಗ ಸುಂಕದ ಮಾತು. ಭಾರತ–ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಿಂದ ಜಾರಿಯಲ್ಲಿರುವುದು ನಿಮಗೆ ಗೊತ್ತೇ ಇದೆ. ಬಾಟಲಿಯ ಆಮದು ಬೆಲೆ 5 ಅಮೆರಿಕನ್ ಡಾಲರ್ ಅಥವಾ ಮೇಲಿದ್ದರೆ ಶೇ 150ರ ಸುಂಕ ಮೊದಲು 100ಕ್ಕೆ, ಹತ್ತು ವರ್ಷಗಳಲ್ಲಿ 50ಕ್ಕೆ ಇಳಿಯುತ್ತದೆ. 15 ಡಾಲರ್ ದಾಟಿದರೆ ಮೊದಲು 75ಕ್ಕೆ, ಕೊನೆಗೆ 25ಕ್ಕೆ. ಇದು ನಿಮಗೆ ಅನುಕೂಲವೇ. ಆದರೆ ತೋಟವೂ ನಿಮ್ಮದು, ಆಮದು ಸಂಸ್ಥೆಯೂ ನಿಮ್ಮದು ಎಂದಾದ ಕ್ಷಣ ನಿಮ್ಮ ಇನ್‌ವಾಯ್ಸ್‌ನ ಸ್ವರೂಪ ಬದಲಾಗುತ್ತದೆ. ಸಂಬಂಧಿಕರ ನಡುವಿನ ವ್ಯವಹಾರ ಎಂದು ಕಸ್ಟಮ್ಸ್‌ನ ವಿಶೇಷ ಮೌಲ್ಯಮಾಪನ ಶಾಖೆ ಅದನ್ನು ಪರಿಶೀಲಿಸುತ್ತದೆ. ಬೆಲೆ ಕಡಿಮೆ ತೋರಿಸಿ ಸುಂಕ ಉಳಿಸಿದ್ದಾರೆಯೇ ಎಂಬುದು ಅವರ ಅನುಮಾನ. ಆದಾಯ ತೆರಿಗೆ ಇಲಾಖೆ ಅದೇ ಕಾಗದವನ್ನು ಎದುರು ದಿಕ್ಕಿನಿಂದ ನೋಡುತ್ತದೆ. ಬೆಲೆ ಹೆಚ್ಚು ತೋರಿಸಿ ಲಾಭವನ್ನು ಹೊರದೇಶಕ್ಕೆ ಸಾಗಿಸಿದ್ದಾರೆಯೇ ಎಂಬುದು ಅವರ ಅನುಮಾನ. 14 ಡಾಲರಿನ ವೈನನ್ನು 15 ಎಂದು ಬರೆದರೆ ಸುಂಕ ಇಳಿಯುತ್ತದಲ್ಲ ಎಂಬ ಯೋಚನೆ ಯಾರಾದರೂ ನಿಮ್ಮ ತಲೆಗೆ ಹಾಕಿದರೆ ಅವರನ್ನು ದೂರವಿಡಿ. ಅದೇ ತೋಟದ ಅದೇ ವೈನನ್ನು ಬೇರೆ ಗಿರಾಕಿಗಳಿಗೆ ಯಾವ ಬೆಲೆಗೆ ಮಾರಿದಿರಿ ಎಂಬುದೇ ನಿಮ್ಮ ಸಾಕ್ಷಿ. ಆದ್ದರಿಂದ ಹೊರಗಿನ ಗಿರಾಕಿಗಳು ಇರಲೇಬೇಕು. ಇತ್ತ ಕರ್ನಾಟಕದಲ್ಲಿ ಲೇಬಲ್ ಮಂಜೂರಾತಿ, ಪಾನೀಯ ನಿಗಮದ ಡಿಪೊ, ಅಬಕಾರಿ ಶುಲ್ಕ ಯಾವುದೂ ನಿಮ್ಮ ತೋಟ ಎಂಬ ಕಾರಣಕ್ಕೆ ಕಡಿಮೆಯಾಗುವುದಿಲ್ಲ. ಬೆಳೆಗಾರನ ಲಾಭಾಂಶ ನಿಮಗೆ ಉಳಿಯುತ್ತದೆ ಎಂಬುದು ಸರಿ. ಆ ಲಾಭಾಂಶವೇ ಈ ವರ್ಷಗಳಲ್ಲಿ ಬಡವಾಗಿದೆ.

ಹಣ ಕಳುಹಿಸುವ ದಾರಿ. ಗದ್ದೆಯನ್ನು ಅಡವಿಟ್ಟು ಹಣ ಹೊಂದಿಸುವ ಯೋಚನೆ ಕೈಬಿಡಿ. ವ್ಯಕ್ತಿಗಳು ಹೊರದೇಶಕ್ಕೆ ಹಣ ಕಳುಹಿಸುವ ಉದಾರೀಕೃತ ಯೋಜನೆಯಡಿ ಆಸ್ತಿ ಕೊಳ್ಳುವುದಕ್ಕೆಂದು ಬ್ಯಾಂಕುಗಳು ಸಾಲ ಕೊಡುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ನಿಯಮ. ಸ್ವಂತ ಹಣವಾದರೆ ಒಬ್ಬರು ಆರ್ಥಿಕ ವರ್ಷಕ್ಕೆ 2,50,000 ಅಮೆರಿಕನ್ ಡಾಲರ್ ಕಳುಹಿಸಬಹುದು, ಮನೆಯವರೆಲ್ಲ ಸೇರಿ ಒಟ್ಟುಗೂಡಿಸಿ ಆಸ್ತಿ ಕೊಳ್ಳಲೂಬಹುದು. ಅವಿಭಕ್ತ ಕುಟುಂಬದ ಹೆಸರಿನಲ್ಲಿ ಈ ಯೋಜನೆ ಸಿಗುವುದಿಲ್ಲ, ವ್ಯಕ್ತಿಗಳಿಗಷ್ಟೇ. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು ಶೇ 20ರಷ್ಟು ತೆರಿಗೆ ಮೊದಲೇ ಹಿಡಿಯುತ್ತದೆ. ರಿಟರ್ನ್ಸ್‌ನಲ್ಲಿ ಅದು ಹೊಂದಾಣಿಕೆಯಾದರೂ ಅಷ್ಟು ತಿಂಗಳು ನಿಮ್ಮ ವ್ಯಾಪಾರದ ಹಣ ಕಟ್ಟಿಹಾಕಿದಂತೆ.

ವ್ಯಾಪಾರಕ್ಕಾಗಿ ಮಾಡುವ ಹೂಡಿಕೆಗೆ ನಿಮ್ಮ ಆಮದು ಸಂಸ್ಥೆಯ ಮೂಲಕ ಹೋಗುವುದೇ ಶುದ್ಧವಾದ ದಾರಿ. 2022ರ ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ ಕಂಪನಿಯಷ್ಟೇ ಅಲ್ಲ, ನೋಂದಾಯಿತ ಪಾಲುದಾರಿಕೆ ಸಂಸ್ಥೆಯೂ ತನ್ನ ನಿವ್ವಳ ಮೌಲ್ಯದ ನಾಲ್ಕು ಪಟ್ಟಿನವರೆಗೆ ಸ್ವಯಂಚಾಲಿತ ಮಾರ್ಗದಲ್ಲಿ ಹೂಡಬಹುದು. ಪ್ರತಿ ವರ್ಷ ಡಿಸೆಂಬರ್ 31ರೊಳಗೆ ವಾರ್ಷಿಕ ವರದಿ ಕೊಡಬೇಕು, ತಪ್ಪಿದರೆ ಮುಂದಿನ ಹಣ ಕಳುಹಿಸುವುದೇ ನಿಲ್ಲುತ್ತದೆ. ವೈಯಕ್ತಿಕ ಹೆಸರಿನಲ್ಲಿದ್ದರೆ ರಿಟರ್ನ್ಸ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಲೇಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ ದಂಡ 10 ಲಕ್ಷ ರೂಪಾಯಿ.

ಮಂಡ್ಯದ ಕಡೆಯವರು ಸಾಮಾನ್ಯವಾಗಿ ಎಡವುವ ಒಂದು ಜಾಗವಿದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂಬ ಮಾತು ಭಾರತದ ನೆಲದಲ್ಲಿ ಬೆಳೆದದ್ದಕ್ಕೆ ಮಾತ್ರ. ಮೆಕ್ಲಾರೆನ್ ವೇಲ್‌ನ ದ್ರಾಕ್ಷಿಯ ಆದಾಯ ಇಲ್ಲಿ ವಾಸಿಸುವವರ ಕೈಗೆ ಬಂದರೆ ತೆರಿಗೆಗೆ ಒಳಪಡುತ್ತದೆ. ಅಲ್ಲಿ ಕಟ್ಟಿದ ತೆರಿಗೆಗೆ ಎರಡು ದೇಶಗಳ ಒಪ್ಪಂದದಡಿ ವಿನಾಯಿತಿ ಸಿಗುತ್ತದೆ, ಅಷ್ಟೇ. ಮದ್ದೂರಿನ ಗದ್ದೆ ತೆರಿಗೆಯಿಲ್ಲದ ಆದಾಯ ಕೊಡುತ್ತದೆ, ನಾಲೆ ನೀರಿದೆ, ಕಷ್ಟಕಾಲಕ್ಕೆ ನಿಮ್ಮ ಬೆನ್ನಿಗಿದೆ. ಕಬ್ಬಿನ ಹಣ ಸಮಯಕ್ಕೆ ಬರುವುದಿಲ್ಲ ಎಂಬ ಬೇಸರ ನನಗೂ ಅರ್ಥವಾಗುತ್ತದೆ. ಆದರೂ ಅದನ್ನು ಮಾರಿ ಬೇರೊಂದು ಖಂಡದ, ಬೆಲೆ ಕುಸಿದ ಬೆಳೆಗೆ ಹಾಕುವುದನ್ನು ನಾನು ಒಪ್ಪಲಾರೆ.

ಇನ್ನು ತೋಟ. ಮುಂದೊಂದು ದಿನ ನೀವು ಕೊಳ್ಳುವುದೇ ಆದರೆ ಏನು ನೋಡಬೇಕು ಎಂಬುದನ್ನು ಈಗಲೇ ಮಗನಿಗೆ ತಿಳಿಸಿಡಿ. ಮೊದಲು ನೀರು. ನಮ್ಮಲ್ಲಿ ಗದ್ದೆ ಕೊಂಡರೆ ನಾಲೆಯ ಸರದಿ ನೀರು ಅದರ ಜೊತೆಗೇ ಬರುತ್ತದೆ. ಮೆಕ್ಲಾರೆನ್ ವೇಲ್ ಇರುವ ದಕ್ಷಿಣ ಆಸ್ಟ್ರೇಲಿಯಾ ರಾಜ್ಯದಲ್ಲಿ ನೀರಿನ ಹಕ್ಕು ಭೂಮಿಯಿಂದ ಬೇರೆಯಾದ ಆಸ್ತಿ. ಮಾಲೀಕ ನೀರಿನ ಹಕ್ಕನ್ನು ಮಾರಿಕೊಂಡು ಒಣ ತೋಟವನ್ನು ನಿಮಗೆ ಮಾರಬಹುದು. ಬೋರ್‌ವೆಲ್ ಕೂಡ ನಮ್ಮಿಷ್ಟದಂತೆ ಕೊರೆಸುವಂತಿಲ್ಲ, ಪರವಾನಗಿ ಬೇಕು, ಮೀಟರ್ ಇರುತ್ತದೆ, ವರ್ಷಕ್ಕೆ ಇಷ್ಟೇ ಎಂಬ ಮಿತಿ ಇರುತ್ತದೆ. ಮೆಕ್ಲಾರೆನ್ ವೇಲ್‌ನ ಎಷ್ಟೋ ತೋಟಗಳು ನಗರದ ಶುದ್ಧೀಕರಿಸಿದ ಕೊಳಚೆ ನೀರನ್ನು ಕೊಳವೆಯಲ್ಲಿ ತರಿಸಿ ಹನಿ ನೀರಾವರಿ ಮಾಡುತ್ತವೆ. ಬರಗಾಲದ ದಿನಗಳಲ್ಲಿ ಅದು ದೊಡ್ಡ ಆಸರೆ. ಆದರೆ ಅದರಲ್ಲಿ ಉಪ್ಪಿನಂಶ ಇರುತ್ತದೆ, ಹಾಗಾಗಿ ಮಣ್ಣಿನ ಸೋಡಿಯಂ ಮತ್ತು ಕ್ಲೋರೈಡ್ ಪರೀಕ್ಷೆ ಕೇಳಲೇಬೇಕು. ನಾಲೆ ಬಯಲಿನಲ್ಲಿ ಗದ್ದೆ ಸವಳಾಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಳೆಯ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಮಂಡ್ಯಕ್ಕೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಮೆಕ್ಲಾರೆನ್ ವೇಲ್‌ನದೂ ಹೆಚ್ಚು ದೂರವಿಲ್ಲ. ಆದರೆ ಅಲ್ಲಿಯ ಮಳೆ ಬಹುಪಾಲು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಚಳಿಗಾಲದಲ್ಲಿ, ಬಳ್ಳಿ ಎಲೆ ಉದುರಿಸಿ ಮಲಗಿರುವಾಗ ಬೀಳುತ್ತದೆ. ಹಣ್ಣು ಮಾಗುವ ಜನವರಿ, ಫೆಬ್ರುವರಿಯಲ್ಲಿ ಆಕಾಶ ಒಣಗಿರುತ್ತದೆ, ಸಂಜೆಗೆ ಕೊಲ್ಲಿಯ ಕಡೆಯಿಂದ ತಂಪುಗಾಳಿ ಬೀಸುತ್ತದೆ. ಶಿರಾಜ್ ಅಲ್ಲಿ ಅಷ್ಟು ಚೆನ್ನಾಗಿ ಬರುವುದಕ್ಕೆ ಇದೇ ಮುಖ್ಯ ಕಾರಣ. ಆ ಒಣಹವೆಯ ಇನ್ನೊಂದು ಮುಖ ಕಾಳ್ಗಿಚ್ಚು. 2019ರ ಡಿಸೆಂಬರಿನಲ್ಲಿ ನೆರೆಯ ಅಡಿಲೇಡ್ ಬೆಟ್ಟಗಳಲ್ಲಿ ಎದ್ದ ಬೆಂಕಿ ತೋಟಗಳನ್ನು ಸುಟ್ಟಿತು. ಬೆಂಕಿ ಮುಟ್ಟದ ತೋಟಗಳಿಗೂ ಹೊಗೆಯ ಭಯ ತಪ್ಪಿದ್ದಲ್ಲ. ಹೊಗೆಯ ಅಂಶಗಳು ಹಣ್ಣಿನೊಳಗಿನ ಸಕ್ಕರೆಯ ಜೊತೆ ಅಂಟಿಕೊಂಡು ಅಡಗಿ ಕೂತು, ವೈನ್ ಹುಳಿಯುವಾಗ ಬಿಡುಗಡೆಯಾಗಿ ಬೂದಿಯ ರುಚಿ ಕೊಡುತ್ತವೆ. ಹಣ್ಣು ತಿಂದು ನೋಡಿದರೆ ಇದು ಗೊತ್ತಾಗುವುದಿಲ್ಲ.

ಹಳೆಯ ಬಳ್ಳಿ ಎಂಬ ಮಾತಿಗೆ ಮರುಳಾಗಬೇಡಿ. ಜುಲೈಯಲ್ಲಿ, ಚಾಟನಿಯ (ಬಳ್ಳಿ ಸವರುವ) ಹೊತ್ತಿಗೆ ತೋಟಕ್ಕೆ ಹೋಗಿ, ಮಾಲೀಕರ ಅನುಮತಿ ಪಡೆದು, ಬಡವಾಗಿ ಕಾಣುವ ಒಂದು ಬಳ್ಳಿಯ ತೋಳನ್ನು ಗರಗಸದಿಂದ ಅಡ್ಡ ಕತ್ತರಿಸಿ ನೋಡಲು ಮಗನಿಗೆ ಹೇಳಿ. ಆರೋಗ್ಯದ ಮರ ಸುತ್ತಲೂ ಒಂದೇ ತೆರನಾದ ತಿಳಿ ಬಣ್ಣದಲ್ಲಿರುತ್ತದೆ. ಯುಟೈಪ ಎಂಬ ಶಿಲೀಂಧ್ರ ಹೊಕ್ಕಿದ್ದರೆ ಕತ್ತರಿಸಿದ ಮುಖದಲ್ಲಿ ಕಂದು ಬಣ್ಣದ ಸತ್ತ ಭಾಗ ನಡುವಿನತ್ತ ಚೂಪಾಗುವ ತ್ರಿಕೋನವಾಗಿ ಎದ್ದು ಕಾಣುತ್ತದೆ. ಮಳೆಯಲ್ಲಿ ಹಾರುವ ಅದರ ಬೀಜಕಣ ಚಾಟನಿಯ ಗಾಯದಿಂದ ಒಳಹೋಗಿ, ವರ್ಷಗಳ ಕಾಲ ಸದ್ದಿಲ್ಲದೆ ತೋಳು ಕೊಲ್ಲುತ್ತಾ ಬುಡದತ್ತ ಇಳಿಯುತ್ತದೆ. ವಸಂತದಲ್ಲಿ ಅಂಥ ಬಳ್ಳಿಯ ಚಿಗುರು ಗಿಡ್ಡ, ಎಲೆ ಹಳದಿ ಮತ್ತು ಬಟ್ಟಲಿನಂತೆ ಮುದುಡಿರುತ್ತದೆ. ಒಂದು ಸಾಲಿನಲ್ಲಿ ನೂರು ಬಳ್ಳಿ ನೋಡಿ, ಎಷ್ಟಕ್ಕೆ ಹೀಗಾಗಿದೆ, ಎಷ್ಟು ಜಾಗ ಖಾಲಿ ಇದೆ ಎಂದು ಬರೆದುಕೊಳ್ಳಿ. ಬುಡದ ಹತ್ತಿರ ಕತ್ತರಿಸಿ ಹೊಸ ಚಿಗುರಿನಿಂದ ಬಳ್ಳಿಯನ್ನು ಮತ್ತೆ ಎಬ್ಬಿಸಬಹುದು, ಆದರೆ ಆ ಸಾಲು ಒಂದೆರಡು ಬೆಳೆ ಕಳೆದುಕೊಳ್ಳುತ್ತದೆ. ಆಮೇಲೆ ಏಪ್ರಿಲ್ ಹೊತ್ತಿಗೆ ಎಲೆಗಳನ್ನು ನೋಡಬೇಕು. ನರ ಹಸಿರಾಗಿಯೇ ಉಳಿದು ನಡುವಿನ ಜಾಗ ಕೆಂಪಾಗಿ, ಅಂಚು ಕೆಳಕ್ಕೆ ಸುರುಳಿಯಾಗಿದ್ದರೆ ಅದು ಎಲೆಸುರುಳಿ ವೈರಸ್ಸಿನ ಗುರುತು. ಅದಕ್ಕೆ ಔಷಧಿ ಇಲ್ಲ. ಅಂದರೆ ತೋಟವನ್ನು ಎರಡು ಋತುಗಳಲ್ಲಾದರೂ ನೋಡದೆ ಬೆಲೆ ಕಟ್ಟಲಾಗದು. ದಲ್ಲಾಳಿ ತೋರಿಸುವ ಚಿತ್ರಗಳಲ್ಲಿ ಎಲ್ಲ ತೋಟವೂ ಹಸಿರೇ. ದೂರದ ಬೆಟ್ಟ ನುಣ್ಣಗೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ದಕ್ಷಿಣ ಆಸ್ಟ್ರೇಲಿಯಾಕ್ಕೆ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಕೀಟ ಈವರೆಗೆ ಕಾಲಿಟ್ಟಿಲ್ಲ. ಯುರೋಪಿನ ತೋಟಗಳನ್ನು ಹತ್ತೊಂಬತ್ತನೇ ಶತಮಾನದಲ್ಲಿ ನಿರ್ನಾಮ ಮಾಡಿದ್ದು ಅದೇ. ಹಾಗಾಗಿ ಅಲ್ಲಿಯ ಹಳೆಯ ಬಳ್ಳಿಗಳು ಬಹುಪಾಲು ಸ್ವಂತ ಬೇರಿನ ಮೇಲೆ, ಕಸಿ ಇಲ್ಲದೆ ನಿಂತಿವೆ. ನೋಡಲು ಅದೊಂದು ಭಾಗ್ಯ. ಕೀಟ ಬಂದ ದಿನ ಅದೇ ಬಲಹೀನತೆ. ಬೇರೆ ತೋಟದಲ್ಲಿ ತಿರುಗಾಡಿದ ಬೂಟನ್ನು ತೊಳೆಯದೆ ಒಳಗೆ ಬಿಡುವುದಿಲ್ಲ, ನೀವೂ ಹಾಗೆಯೇ ನಡೆದುಕೊಳ್ಳಿ.

ಕೂಲಿಯ ಲೆಕ್ಕ ಬೇಗ ಮುಗಿಯುತ್ತದೆ. 2025ರ ಜುಲೈಯಿಂದ ಅಲ್ಲಿ ಕನಿಷ್ಠ ವೇತನ ಗಂಟೆಗೆ 24.95 ಆಸ್ಟ್ರೇಲಿಯನ್ ಡಾಲರ್, ದಿನಗೂಲಿಯವರಿಗೆ ಅದರ ಮೇಲೆ ಇನ್ನೂ ಕಾಲು ಪಾಲು ಹೆಚ್ಚು. ಒಬ್ಬ ಆಳಿನ ಒಂದು ದಿನದ ಕೂಲಿ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಆದ್ದರಿಂದ ಕೊಯ್ಲು ಬಹುತೇಕ ಯಂತ್ರದಿಂದಲೇ. ಸಾಲುಗಳ ಅಗಲ ಯಂತ್ರಕ್ಕೆ ಹೊಂದದಿದ್ದರೆ ಆ ತೋಟ ನಿಮಗೆ ಹೊಂದುವುದಿಲ್ಲ.

ಯಾರು ನೋಡಿಕೊಳ್ಳುತ್ತಾರೆ ಎಂಬುದೇ ನನ್ನ ದೃಷ್ಟಿಯಲ್ಲಿ ಕೊನೆಗೆ ಎಲ್ಲವನ್ನೂ ತೀರ್ಮಾನಿಸುವ ಪ್ರಶ್ನೆ. ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎಂಬ ಗಾದೆ ನಿಮ್ಮ ಮನೆಯಲ್ಲಿ ತಿರುವುಮುರುವಾಗಿದೆ. ಬೇಸಾಯ ಕಲಿತವನು ಮಗ, ನೀವು ಸಾವಿರಾರು ಮೈಲಿ ದೂರದಲ್ಲಿರುತ್ತೀರಿ. ಹಾಗಾದರೆ ಅವನು ಅಲ್ಲೇ ನೆಲೆಸುತ್ತಾನೆಯೇ? ಕಾಯಂ ವಾಸದ ಅನುಮತಿ ಸಿಕ್ಕಿದೆಯೇ? ಮದುವೆ, ಮಕ್ಕಳು, ನಿಮ್ಮ ವಯಸ್ಸು ಇವೆಲ್ಲ ಸೇರಿದಾಗಲೂ ಹತ್ತು ವರ್ಷ ಪ್ರತಿ ಚಳಿಗಾಲದಲ್ಲೂ ಅವನು ಆ ಸಾಲುಗಳ ನಡುವೆ ಇರುತ್ತಾನೆಯೇ? ಗುತ್ತಿಗೆಗೆ ತೋಟ ನೋಡಿಕೊಳ್ಳುವ ಒಳ್ಳೆಯ ಸಂಸ್ಥೆಗಳು ಅಲ್ಲಿವೆ, ಕೆಲಸ ಅಚ್ಚುಕಟ್ಟಾಗಿ ಮಾಡುತ್ತವೆ. ಆದರೆ ನೀರು ಒಂದು ದಿನ ಮೊದಲು ಬಿಡಬೇಕೇ, ಕೊಯ್ಲು ಮೂರು ದಿನ ತಡ ಮಾಡಬೇಕೇ ಎಂಬ ತೀರ್ಮಾನಗಳಿಗೆ ಮಾಲೀಕನ ಕಣ್ಣು ಬೇಕು. ಇದನ್ನು ಮಗನ ಜೊತೆ, ಹಣದ ಮಾತು ತೆಗೆಯದೆ, ಒಂದು ದಿನ ಕೂತು ಮಾತಾಡಿ.

ನಾನು ಸೂಚಿಸುವ ದಾರಿ ಹೀಗಿದೆ. ಮುಂದಿನ ಕೊಯ್ಲಿಗೆ, ಅಂದರೆ ಫೆಬ್ರುವರಿ–ಮಾರ್ಚ್ ಹೊತ್ತಿಗೆ, ಅವನಿಗೆ ಇಷ್ಟವಾದ ಒಂದು ತೋಟದಿಂದ 4 ಟನ್ ಶಿರಾಜ್ ಕೊಳ್ಳಲಿ. ಸಾಧ್ಯವಾದರೆ ಈಗ ಮಾರಾಟಕ್ಕಿರುವ ಅದೇ ತೋಟದಿಂದ ಕೊಳ್ಳಲಿ, ಆಗ ಬಳ್ಳಿಯ ಗುಣವೂ ಮಾಲೀಕರ ಗುಣವೂ ತಿಳಿಯುತ್ತದೆ. ನಿಮಗೆ ಈಗ ವೈನ್ ಕಳುಹಿಸುತ್ತಿರುವವರ ವೈನರಿಯಲ್ಲೇ ಶುಲ್ಕ ಕೊಟ್ಟು ಮಾಡಿಸಲಿ, ಪೀಪಾಯಿಯ ಆಯ್ಕೆಯಿಂದ ಬಾಟಲಿಯವರೆಗೆ ಅವನೇ ನಿಂತು ನೋಡಲಿ. 2,800 ಲೀಟರ್, ಸುಮಾರು 3,700 ಬಾಟಲಿ ಬರುತ್ತದೆ. ಅದರಲ್ಲಿ ಸಾವಿರದಷ್ಟನ್ನು ನಿಮ್ಮ ಎಂದಿನ ಕಂಟೇನರಿನಲ್ಲೇ ಮೈಸೂರಿಗೆ ತರಿಸಿ, ಉಳಿದದ್ದನ್ನು ಅವನು ಅಲ್ಲೇ ಮಾರಲಿ. ಅಡಿಲೇಡಿನ ಒಬ್ಬ ರೆಸ್ಟೋರೆಂಟಿನವರು ಎರಡನೇ ಸಲ ಕೇಳಿ ತರಿಸಿಕೊಂಡರೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಇಲ್ಲ. ಹೀಗೆ ಮೂರು ಕೊಯ್ಲು ನಡೆಯಲಿ. ಒಂದು ಒಳ್ಳೆಯ ವರ್ಷ, ಒಂದು ಕೆಟ್ಟ ವರ್ಷ ಕಂಡ ಮೇಲೆ ಪಾಲುದಾರಿಕೆಯ ಮಾತು ತೆಗೆಯಿರಿ. ನಿಮ್ಮ ಕೈಯಲ್ಲಿ ಆಗ ಮಾರಾಟದ ಲೆಕ್ಕ ಇರುತ್ತದೆ, ಮಗನ ಹೆಸರು ಅಲ್ಲಿಯ ಜನರ ಬಾಯಲ್ಲಿರುತ್ತದೆ, ನಿಮ್ಮ ಆಮದು ವ್ಯಾಪಾರದ ಬಂಡವಾಳವೂ ಅಲುಗಾಡಿರುವುದಿಲ್ಲ. ಆ ಹೊತ್ತಿಗೆ ಈ ತೋಟ ಬೇರೆಯವರ ಪಾಲಾಗಿದ್ದರೆ ಆಗಲಿ. ಈಗಿನ ಮಾರುಕಟ್ಟೆಯಲ್ಲಿ ಮಾರಾಟಕ್ಕಿರುವ ತೋಟಗಳಿಗೆ ಬರವಿಲ್ಲ.

ಕೊನೆಯ ಪ್ರಶ್ನೆ, ಬಳ್ಳಿಯ ಕಡ್ಡಿ. ಪೆಟ್ಟಿಗೆಯಲ್ಲಿ ಹಾಕಿಕೊಂಡು ಖಂಡಿತ ತರಬೇಡಿ. 2003ರ ಸಸ್ಯ ದಿಗ್ಬಂಧನ ಆದೇಶದ ಪ್ರಕಾರ ಆಮದು ಪರವಾನಗಿ ಬೇಕು, ಬಂದ ಮೇಲೂ ಪ್ರತ್ಯೇಕವಾಗಿ ಇಟ್ಟು ಪರೀಕ್ಷಿಸಬೇಕು. ಅಮೆರಿಕದ ಆಮದುದಾರ ರಾಬರ್ಟ್ ಹಾಸ್, ಫ್ರಾನ್ಸಿನ ಪೆರಾ ಕುಟುಂಬದ ಜೊತೆ ಸೇರಿ ಕ್ಯಾಲಿಫೋರ್ನಿಯಾದಲ್ಲಿ ಟಾಬ್ಲಾಸ್ ಕ್ರೀಕ್ ತೋಟ ಮಾಡಲು 1989ರಲ್ಲಿ ಭೂಮಿ ಕೊಂಡಾಗ, ಫ್ರಾನ್ಸಿನಿಂದ ತಂದ ಕಡ್ಡಿಗಳು ಮೂರು ವರ್ಷ ದಿಗ್ಬಂಧನದಲ್ಲಿದ್ದವು. ನಿಮಗೆ ಆ ಶ್ರಮ ಬೇಕಿಲ್ಲ. ಶಿರಾಜ್, ಕ್ಯಾಬರ್ನೆ ತಳಿಗಳು ನಾಸಿಕ್ ಮತ್ತು ವಿಜಯಪುರದ ಕಡೆ ಎಂದೋ ಬೇರೂರಿವೆ. ಆದರೆ ನಾಲೆಯ ಗದ್ದೆಯಲ್ಲಿ ನೆಡಬೇಡಿ. ದ್ರಾಕ್ಷಿಯ ಬೇರಿಗೆ ನಿಂತ ನೀರು ಆಗದು, ಸುತ್ತ ಭತ್ತ ಕಬ್ಬು ಇರುವಲ್ಲಿ ತೇವ ಆರದೆ ಬೂಜು ರೋಗ ಬಿಡುವುದಿಲ್ಲ. ಅದರ ಮೇಲೆ ಅಕ್ಟೋಬರ್ ಚಾಟನಿಯ ಹೊತ್ತಿಗೇ ಮಂಡ್ಯದಲ್ಲಿ ಹಿಂಗಾರು ಸುರಿಯುತ್ತಿರುತ್ತದೆ. ಆಸೆ ತೀರದಿದ್ದರೆ ನೀರು ಬಸಿದುಹೋಗುವ ಎತ್ತರದ ಕೆಂಪು ಮಣ್ಣಿನ ಹೊಲದಲ್ಲಿ ಅರ್ಧ ಎಕರೆ, ಡಾಗ್‌ರಿಡ್ಜ್ ಅಥವಾ 110 ಆರ್ ಎಂಬ ಬೇರುಸಸಿಯ ಮೇಲೆ ಕಸಿ ಮಾಡಿದ ಗಿಡಗಳನ್ನು ಹಾಕಿ ನೋಡಿ. ಗಿಡ ತರಿಸುವ ಮೊದಲು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದವರಿಗೆ ನಿಮ್ಮ ಮಣ್ಣಿನ ವರದಿ ತೋರಿಸಿ.